‘ಶಾಶ್ವತ’ ಎಂದು ಬರೆದುಕೊಟ್ಟ ನೆಲ: ಒಕ್ಲಹೋಮ ರಾಜ್ಯ ಹುಟ್ಟಿದ ಬಗೆ

ಅಮೆರಿಕದ ನಕ್ಷೆಯಲ್ಲಿ ಟೆಕ್ಸಾಸ್‌ನ ನೆತ್ತಿಯ ಮೇಲೆ, ಉದ್ದ ಹಿಡಿಯ ಬಾಣಲೆಯ ಹಾಗೆ ಒಂದು ರಾಜ್ಯ ಕಾಣುತ್ತದೆ. ಅದೇ ಒಕ್ಲಹೋಮ. ಇದರ ಚರಿತ್ರೆ ಹುಡುಕಿದರೆ ಮೊದಲು ಕೈಗೆ ಸಿಗುವುದು ಒಂದೇ ಕಥೆ. 1889ರ ಏಪ್ರಿಲ್ 22, ಮಧ್ಯಾಹ್ನ ಸರಿಯಾಗಿ 12 ಗಂಟೆ. ಗಡಿಯಲ್ಲಿ ಕಾದು ನಿಂತಿದ್ದ ಸುಮಾರು 50,000 ಜನ ಒಟ್ಟಿಗೆ ಒಳಗೆ ನುಗ್ಗಿದರು, ಮೊದಲು ಹೋಗಿ ಗೂಟ ನೆಟ್ಟವರಿಗೆ ಜಮೀನು ಸಿಕ್ಕಿತು. ಕೇಳಲು ರೋಮಾಂಚನ ಆಗುತ್ತದೆ ನಿಜ. ಆದರೆ ಇದಿಷ್ಟನ್ನೇ ಕೇಳಿದವರಿಗೆ ಅಲ್ಲಿ ನೆಲ ಖಾಲಿ ಬಿದ್ದಿತ್ತು, ಸರ್ಕಾರ ಹಂಚಿತು, ಜನ ಬಂದು ನೆಲೆಸಿದರು ಅಂತ ಅನ್ನಿಸಿಬಿಡುತ್ತದೆ.

ಆ ನೆಲಕ್ಕೆ ಒಡೆಯರಿದ್ದರು. ಅವರ ಹತ್ತಿರ ಕಾಗದಪತ್ರ ಇತ್ತು. ಆ ಕಾಗದ ಕೊಟ್ಟಿದ್ದೂ ಅಮೆರಿಕ ಸರ್ಕಾರವೇ. ಶಾಶ್ವತವಾಗಿ ನಿಮ್ಮದು ಎಂದು ಕಾನೂನಿನಲ್ಲೇ ಬರೆದಿತ್ತು. ಹಾಗಾದರೆ ಆ ಕಾಗದ ಏನಾಯಿತು? ಒಕ್ಲಹೋಮ ಅರ್ಥವಾಗಬೇಕಾದರೆ ಕುದುರೆ ಓಟಕ್ಕಿಂತ ಈ ಪ್ರಶ್ನೆಯನ್ನೇ ಹಿಡಿದು ಹೋಗಬೇಕು ಎನ್ನುವುದು ನನ್ನ ಅಭಿಪ್ರಾಯ.

ಮೊದಲಿನಿಂದಲೇ ಬರೋಣ. ಅರ್ಕಾನ್ಸಾ ನದಿಯ ದಂಡೆಯಲ್ಲಿ ಸ್ಪೈರೋ ಎಂಬಲ್ಲಿ ಜನ ಕೈಯಿಂದ ಕಟ್ಟಿದ ದೊಡ್ಡ ಮಣ್ಣಿನ ದಿಬ್ಬಗಳಿವೆ. ಕೊಲಂಬಸ್ ಬರುವ ನೂರಾರು ವರ್ಷ ಮೊದಲೇ ಅದು ದೊಡ್ಡ ವ್ಯಾಪಾರ ಕೇಂದ್ರವಾಗಿತ್ತು. ಆಮೇಲೆ ವಿಚಿಟಾ, ಕ್ಯಾಡೋ, ಓಸೇಜ್, ಕಯೋವಾ, ಕೊಮಾಂಚಿ ಜನ ಈ ಬಯಲಿನಲ್ಲಿ ಬದುಕಿದರು. 1541ರಲ್ಲಿ ಚಿನ್ನ ಹುಡುಕುತ್ತಾ ಸ್ಪೇನಿನ ಕೊರೊನಾಡೊ ಈ ಕಡೆ ಹಾದುಹೋದ. 1803ರಲ್ಲಿ ಅಮೆರಿಕ ಫ್ರಾನ್ಸ್‌ನಿಂದ ಒಂದೂವರೆ ಕೋಟಿ ಡಾಲರ್‌ಗೆ ಲೂಸಿಯಾನ ಎಂಬ ಬೃಹತ್ ಪ್ರದೇಶ ಕೊಂಡಾಗ, ಬಾಣಲೆಯ ಹಿಡಿಯೊಂದನ್ನು ಬಿಟ್ಟು ಇಂದಿನ ಒಕ್ಲಹೋಮದ ಬಹುಭಾಗ ಅದರಲ್ಲಿ ಸೇರಿತ್ತು. ಅಲ್ಲಿದ್ದ ಜನರನ್ನು ಕೊಂಡವರೂ ಕೇಳಲಿಲ್ಲ, ಮಾರಿದವರೂ ಕೇಳಲಿಲ್ಲ.

ಈಗ ಸ್ವಲ್ಪ ಪೂರ್ವಕ್ಕೆ ಹೋಗಬೇಕು. ಒಕ್ಲಹೋಮದ ಮುಖ್ಯ ಕಥೆ ಶುರುವಾಗುವುದು ಅಲ್ಲಿಂದ ಸಾವಿರ ಕಿಲೋಮೀಟರ್ ದೂರದ ಜಾರ್ಜಿಯಾ, ಅಲಬಾಮಾ, ಮಿಸಿಸಿಪಿ, ಟೆನೆಸಿ, ಫ್ಲಾರಿಡಾ ಕಡೆ. ಅಲ್ಲಿ ಚೆರೋಕಿ, ಚೋಕ್ಟಾ, ಚಿಕಸಾ, ಮಸ್ಕೋಗಿ, ಸೆಮಿನೋಲ್ ಎಂಬ ಐದು ಮೂಲನಿವಾಸಿ ರಾಷ್ಟ್ರಗಳಿದ್ದವು. ಮಸ್ಕೋಗಿಗಳನ್ನು ಕ್ರೀಕ್ ಅಂತಲೂ ಕರೆಯುತ್ತಾರೆ. ರಾಷ್ಟ್ರ ಎಂಬ ಪದವನ್ನು ನಾನು ಸುಮ್ನೆ ಬಳಸುತ್ತಿಲ್ಲ. ಅಮೆರಿಕ ಸರ್ಕಾರ ಇವರ ಜೊತೆ ಮಾಡಿಕೊಂಡದ್ದು ಬೇರೆ ದೇಶಗಳ ಜೊತೆ ಮಾಡಿಕೊಳ್ಳುವಂಥ ಒಪ್ಪಂದಗಳನ್ನೇ, ಅವಕ್ಕೆ ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಒಪ್ಪಿಗೆ ಬೇಕಾಗಿತ್ತು. ಇದು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಚೆರೋಕಿಗಳ ಬಗ್ಗೆ ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಸಿಕ್ವೋಯಾ ಎಂಬ ಚೆರೋಕಿ ಅಕ್ಕಸಾಲಿಗ ಇದ್ದರು. ಇಂಗ್ಲಿಷ್ ಓದಲು ಬಾರದವರು. ಬಿಳಿಯರು ಕಾಗದದ ಮೇಲೆ ಗೆರೆ ಎಳೆದು ಮಾತು ಕಳಿಸುವುದನ್ನು ನೋಡಿ, ತಮ್ಮ ಭಾಷೆಗೂ ಲಿಪಿ ಬೇಕು ಎಂದು ಹಠ ಹಿಡಿದು ವರ್ಷಗಟ್ಟಲೆ ಕೂತು, 1821ರ ಹೊತ್ತಿಗೆ 86 ಅಕ್ಷರಗಳ ಲಿಪಿ ಕಟ್ಟಿದರು. ಕನ್ನಡ ಓದುವವರಿಗೆ ಅದರ ರೀತಿ ಥಟ್ಟನೆ ಹೊಳೆಯುತ್ತದೆ, ಯಾಕೆಂದರೆ ಅಲ್ಲೂ ಒಂದು ಅಕ್ಷರ ಎಂದರೆ ಒಂದು ಇಡೀ ಉಚ್ಚಾರ. ನಮ್ಮ ಲ, ಲಿ, ಲು ಇದ್ದ ಹಾಗೆ. ನಮ್ಮ ಕಾಗುಣಿತದಲ್ಲಿ ಮೂರಕ್ಕೂ ಮೂಲ ಆಕಾರ ಒಂದೇ. ಅವರಲ್ಲಿ ಮೂರೂ ಬೇರೆ ಬೇರೆ ಚಿತ್ರ. ಕೆಲವೇ ವರ್ಷಗಳಲ್ಲಿ ಸಾವಿರಾರು ಚೆರೋಕಿಗಳು ಓದು ಬರಹ ಕಲಿತರು. 1828ರಲ್ಲಿ ‘ಚೆರೋಕಿ ಫೀನಿಕ್ಸ್’ ಎಂಬ ಪತ್ರಿಕೆ ಎರಡು ಭಾಷೆಯಲ್ಲಿ ಶುರುವಾಯಿತು. ಅವರಿಗೆ ಲಿಖಿತ ಸಂವಿಧಾನ ಇತ್ತು, ನ್ಯಾಯಾಲಯ ಇತ್ತು, ಹೊಲ ತೋಟ ಇತ್ತು.

ಅದೇ ಹೊತ್ತಿಗೆ ಜಾರ್ಜಿಯಾದಲ್ಲಿ ಅವರ ನೆಲದಲ್ಲೇ ಚಿನ್ನ ಸಿಕ್ಕಿತು. ಚಿನ್ನಕ್ಕಿಂತ ದೊಡ್ಡ ಆಸೆ ಹತ್ತಿಯದು. ಹತ್ತಿ ಬೀಜ ಬಿಡಿಸುವ ಯಂತ್ರ 1793ರಲ್ಲಿ ಬಂದ ಮೇಲೆ ದಕ್ಷಿಣದ ಕಪ್ಪು ಮಣ್ಣಿಗೆ ಎಲ್ಲಿಲ್ಲದ ಬೆಲೆ ಬಂದಿತ್ತು. ಅಧ್ಯಕ್ಷ ಆಂಡ್ರೂ ಜಾಕ್ಸನ್ 1830ರ ಮೇ 28ರಂದು ಸ್ಥಳಾಂತರ ಕಾಯ್ದೆಗೆ ಸಹಿ ಹಾಕಿದರು. ಕೆಳಮನೆಯಲ್ಲಿ ಅದು ಪಾಸಾಗಿದ್ದು 102ಕ್ಕೆ 97 ಮತಗಳಿಂದ, ಅಂದರೆ ಆಗಲೇ ಅರ್ಧದಷ್ಟು ಜನಪ್ರತಿನಿಧಿಗಳಿಗೆ ಇದು ತಪ್ಪು ಅನ್ನಿಸಿತ್ತು. ಕಾಯ್ದೆಯ ಸಾರ ಇಷ್ಟು: ಪೂರ್ವದ ನೆಲ ಬಿಟ್ಟುಕೊಡಿ, ಮಿಸಿಸಿಪಿ ನದಿಯ ಆಚೆ ಬೇರೆ ನೆಲ ಕೊಡುತ್ತೇವೆ, ಅದು ಶಾಶ್ವತವಾಗಿ ನಿಮ್ಮದು.

ಮೊದಲು ಹೊರಟವರು ಚೋಕ್ಟಾಗಳು. 1831ರ ಚಳಿಗಾಲದಲ್ಲಿ ಮೆಂಫಿಸ್ ಹತ್ತಿರ ಅವರು ನದಿ ದಾಟುವುದನ್ನು ಫ್ರಾನ್ಸ್‌ನ ಪ್ರವಾಸಿ ಟೋಕ್ವಿಲ್ ಕಣ್ಣಾರೆ ನೋಡಿದ. ಹಸುಗೂಸುಗಳು, ಮುದುಕರು, ಗಾಯಾಳುಗಳು, ಎಲ್ಲರೂ ಮಾತಿಲ್ಲದೆ ದೋಣಿ ಹತ್ತಿದರಂತೆ. ಯಾರೂ ಅಳಲಿಲ್ಲ. ದಡದಲ್ಲಿ ಉಳಿದ ನಾಯಿಗಳಿಗೆ ತಮ್ಮನ್ನು ಬಿಟ್ಟುಹೋಗುತ್ತಿದ್ದಾರೆ ಎಂದು ಗೊತ್ತಾದಾಗ ಅವು ಊಳಿಟ್ಟು, ಕೊರೆಯುವ ನೀರಿಗೆ ಹಾರಿ, ದೋಣಿಯ ಹಿಂದೆ ಈಜಿದವು.

ಚೆರೋಕಿಗಳು ಕೋರ್ಟಿನ ದಾರಿ ಹಿಡಿದರು. 1832ರಲ್ಲಿ ಸುಪ್ರೀಂ ಕೋರ್ಟ್, ಚೆರೋಕಿ ನೆಲದ ಮೇಲೆ ಜಾರ್ಜಿಯಾದ ಕಾನೂನು ನಡೆಯುವುದಿಲ್ಲ ಎಂದು ತೀರ್ಪು ಕೊಟ್ಟಿತು. ಗೆದ್ದರು, ಆದರೂ ಏನೂ ಬದಲಾಗಲಿಲ್ಲ. 1835ರ ಕೊನೆಗೆ ಚೆರೋಕಿಗಳಲ್ಲೇ ಒಂದು ಸಣ್ಣ ಗುಂಪು ನ್ಯೂ ಎಕೋಟದಲ್ಲಿ ಸ್ಥಳಾಂತರ ಒಪ್ಪಂದಕ್ಕೆ ಸಹಿ ಹಾಕಿತು. ರಾಷ್ಟ್ರದ ಮುಖ್ಯಸ್ಥ ಜಾನ್ ರಾಸ್ ಒಪ್ಪಿರಲಿಲ್ಲ. ಇದು ನಮ್ಮ ಒಪ್ಪಂದವಲ್ಲ ಎಂದು 15,000ಕ್ಕೂ ಹೆಚ್ಚು ಹೆಸರುಗಳ ಮನವಿ ವಾಷಿಂಗ್ಟನ್‌ಗೆ ಹೋಯಿತು. ಸೆನೆಟ್ ಅದೇ ಒಪ್ಪಂದವನ್ನು ಒಂದೇ ಒಂದು ಮತದ ಅಂತರದಲ್ಲಿ ಅಂಗೀಕರಿಸಿತು. 1838ರ ಬೇಸಿಗೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಜನರನ್ನು ಹಿಡಿದು ಶಿಬಿರಗಳಲ್ಲಿ ಕೂಡಿಹಾಕಿದರು. ಹೆಚ್ಚಿನವರು ಪಶ್ಚಿಮಕ್ಕೆ ನಡೆದದ್ದು ಆ ಚಳಿಗಾಲದಲ್ಲಿ. ಸುಮಾರು 16,000 ಚೆರೋಕಿಗಳಲ್ಲಿ ಸುಮಾರು 4,000 ಜನ ಶಿಬಿರಗಳಲ್ಲಿ, ದಾರಿಯಲ್ಲಿ, ತಲುಪಿದ ಹೊಸದರಲ್ಲಿ ಸತ್ತರು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಕಣ್ಣೀರಿನ ದಾರಿ ಎಂದು ಇದನ್ನೇ ಕರೆಯುವುದು.

ಈ ಒಪ್ಪಂದದಲ್ಲಿ ಒಂದು ಸಾಲು ಇದೆ. ಅದನ್ನು ಇಲ್ಲಿ ನಿಂತು ಓದಬೇಕು. ಹೊಸದಾಗಿ ಕೊಟ್ಟ ನೆಲವನ್ನು ಚೆರೋಕಿಗಳ ಒಪ್ಪಿಗೆ ಇಲ್ಲದೆ ಮುಂದೆ ಯಾವ ಕಾಲಕ್ಕೂ ಯಾವುದೇ ರಾಜ್ಯದ ಗಡಿಯೊಳಗೆ ಸೇರಿಸುವುದಿಲ್ಲ ಎಂದು ಅಮೆರಿಕ ಮಾತು ಕೊಟ್ಟಿತ್ತು. ಇವತ್ತು ಆ ನೆಲ ಒಕ್ಲಹೋಮ ರಾಜ್ಯದ ಒಳಗಿದೆ.

ಹೊಸ ಜಾಗಕ್ಕೆ ಇಂಡಿಯನ್ ಟೆರಿಟರಿ, ಅಂದರೆ ಮೂಲನಿವಾಸಿಗಳ ಪ್ರದೇಶ ಎಂಬ ಹೆಸರು ಬಂತು. ಬಂದವರು ಅಳುತ್ತಾ ಕೂರಲಿಲ್ಲ. ಚೆರೋಕಿಗಳು ಟಾಲಿಕ್ವಾ ಎಂಬ ಊರನ್ನು ರಾಜಧಾನಿ ಮಾಡಿ 1839ರಲ್ಲೇ ಹೊಸ ಸಂವಿಧಾನ ಬರೆದರು, ಶಾಲೆ ತೆರೆದರು, 1851ರಲ್ಲಿ ಹೆಣ್ಣುಮಕ್ಕಳಿಗೆಂದೇ ದೊಡ್ಡ ವಿದ್ಯಾಲಯ ಕಟ್ಟಿದರು. ಚೋಕ್ಟಾಗಳ ವಿಷಯ ಇನ್ನೂ ಮನಸ್ಸು ತಟ್ಟುತ್ತದೆ. ಎಲ್ಲ ಕಳೆದುಕೊಂಡು ಬಂದು ಹದಿನಾರು ವರ್ಷ ಆಗಿತ್ತಷ್ಟೇ, 1847ರಲ್ಲಿ ಐರ್ಲೆಂಡ್‌ನಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾರೆ ಎಂದು ಕೇಳಿ ಚಂದಾ ಎತ್ತಿ ಹಣ ಕಳಿಸಿದರು. ಐರ್ಲೆಂಡಿನ ಕಾರ್ಕ್ ಜಿಲ್ಲೆಯಲ್ಲಿ ಈಗ ಅದರ ನೆನಪಿಗೆ ಉಕ್ಕಿನ ಗರಿಗಳ ದೊಡ್ಡ ಶಿಲ್ಪ ಇದೆ.

ಮುಚ್ಚಿಡಬಾರದ ಮಾತು ಒಂದಿದೆ. ಈ ಐದು ರಾಷ್ಟ್ರಗಳ ಸಿರಿವಂತರು ಕಪ್ಪು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಪಶ್ಚಿಮಕ್ಕೆ ಬರುವಾಗ ಅವರನ್ನೂ ಕರೆತಂದರು. ಹಾಗಾಗಿ ಕಣ್ಣೀರಿನ ದಾರಿಯಲ್ಲಿ ನಡೆದವರಲ್ಲಿ ಅವರೂ ಇದ್ದಾರೆ, ಮತ್ತು ಅವರ ಪಾಲಿನ ಕಷ್ಟವನ್ನು ಬಹಳ ಜನ ಹೇಳುವುದೇ ಇಲ್ಲ.

ಇದೇ ಮುಂದೆ ಮುಳುವಾಯಿತು. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಐದೂ ರಾಷ್ಟ್ರಗಳು ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ದಕ್ಷಿಣದ ರಾಜ್ಯಗಳ ಜೊತೆ ಒಪ್ಪಂದ ಮಾಡಿಕೊಂಡವು. ಎಲ್ಲರೂ ಒಂದೇ ಮನಸ್ಸಿನಿಂದಲ್ಲ. ಸಾವಿರಾರು ಜನ ಉತ್ತರದ ಪರ ಹೋರಾಡಿದರು, ಒಂದೇ ಊರಿನವರು ಎದುರುಬದುರಾದರು. ದಕ್ಷಿಣ ಸೋತಿತು. 1866ರಲ್ಲಿ ಗೆದ್ದವರು ಹೊಸ ಒಪ್ಪಂದ ಬರೆಸಿದರು. ಗುಲಾಮರಿಗೆ ಬಿಡುಗಡೆ ಆಯಿತು, ಅದು ಆಗಲೇಬೇಕಿತ್ತು. ಜೊತೆಗೆ ರೈಲಿಗೆ ಜಾಗ ಬಿಡಬೇಕು, ಪಶ್ಚಿಮದ ದೊಡ್ಡ ಭಾಗ ವಾಪಸ್ ಕೊಡಬೇಕು ಎಂದೂ ಬರೆಸಿದರು. ಹಾಗೆ ಪಡೆದ ಜಾಗದಲ್ಲಿ ಬೇರೆ ಕಡೆಯಿಂದ ಇನ್ನೂ ಎಷ್ಟೋ ಬುಡಕಟ್ಟುಗಳನ್ನು ತಂದು ಕೂರಿಸಿದರು. ‘ಒಕ್ಲಹೋಮ’ ಎಂಬ ಹೆಸರು ಬಂದದ್ದು ಇದೇ ಮಾತುಕತೆಯಲ್ಲಿ. ಸೂಚಿಸಿದವರು ಚೋಕ್ಟಾ ಮುಖಂಡ ಆಲೆನ್ ರೈಟ್. ಅವರ ಭಾಷೆಯಲ್ಲಿ ‘ಒಕ್ಲ’ ಎಂದರೆ ಜನ, ‘ಹೊಮ್ಮ’ ಎಂದರೆ ಕೆಂಪು.

ಎಲ್ಲರಿಗೂ ಹಂಚಿದ ಮೇಲೂ ಮಧ್ಯದಲ್ಲಿ ಸುಮಾರು 20 ಲಕ್ಷ ಎಕರೆ ಯಾರ ಹೆಸರಿಗೂ ಬರೆಯದೆ ಉಳಿಯಿತು. ಮಸ್ಕೋಗಿ ಮತ್ತು ಸೆಮಿನೋಲ್‌ಗಳು ಬಿಟ್ಟುಕೊಟ್ಟಿದ್ದ ಜಾಗ. ಆದರೆ ಅವರು ಅದನ್ನು ಕೊಟ್ಟದ್ದು ಬೇರೆ ಮೂಲನಿವಾಸಿಗಳಿಗೆ ಮತ್ತು ಬಿಡುಗಡೆಯಾದ ಕಪ್ಪು ಜನರಿಗೆ ಅಂತ, ಬಿಳಿಯ ವಲಸಿಗರಿಗೆ ಅಂತ ಅಲ್ಲ. ಸುತ್ತಲಿನ ಕಾನ್ಸಾಸ್‌ನವರ ಕಣ್ಣು ಅದರ ಮೇಲೆ ಬಿತ್ತು. ಡೇವಿಡ್ ಪೇನ್ ಎಂಬಾತ ಜನರನ್ನು ಕಟ್ಟಿಕೊಂಡು ಮತ್ತೆ ಮತ್ತೆ ಒಳಗೆ ನುಗ್ಗಿದ, ಸೈನಿಕರು ಮತ್ತೆ ಮತ್ತೆ ಎಳೆದು ಹೊರಹಾಕಿದರು. ಈ ಗುಂಪಿಗೆ ‘ಬೂಮರ್’ ಎಂಬ ಹೆಸರಾಯಿತು. ರೈಲು ಕಂಪನಿಗಳಿಗೂ ಇದು ಬೇಕಿತ್ತು, ಯಾಕೆಂದರೆ ಹಳಿಯ ಎರಡೂ ಬದಿಗೆ ಬೆಳೆ ಬೆಳೆಯುವ ಜನ ಇದ್ದರೆ ತಾನೇ ಸಾಗಾಣಿಕೆಯ ಆದಾಯ. ಕೊನೆಗೆ 1889ರಲ್ಲಿ ಸರ್ಕಾರ ಆ ಎರಡು ರಾಷ್ಟ್ರಗಳಿಗೆ ಇನ್ನಷ್ಟು ಹಣ ಕೊಟ್ಟು ಪೂರ್ತಿ ಹಕ್ಕು ಬರೆಸಿಕೊಂಡು, ಏಪ್ರಿಲ್ 22ಕ್ಕೆ ಬಾಗಿಲು ತೆರೆಯಿತು.

ಓಟದ ಲೆಕ್ಕ ತಿಳಿಯಬೇಕಾದರೆ ಸರ್ವೇ ಗೊತ್ತಿರಬೇಕು. ಇಡೀ ಜಾಗವನ್ನು ಮೊದಲೇ ಅಳೆದು ಚೌಕಗಳಾಗಿ ಗುರುತು ಮಾಡಿದ್ದರು. ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಚೌಕ ಎಂದರೆ 640 ಎಕರೆ. ಅದರ ಕಾಲು ಭಾಗ 160 ಎಕರೆ. ಅದೇ ಒಬ್ಬರಿಗೆ ಸಿಗುವ ಜಮೀನು. ಮೂಲೆಗಳಲ್ಲಿ ಬಾಂದು ಕಲ್ಲು. ಓಡಿಹೋಗಿ ಗೂಟ ನೆಟ್ಟು, ಕಲ್ಲಿನ ಮೇಲಿನ ಸಂಖ್ಯೆ ಬರೆದುಕೊಂಡು, ಜಮೀನು ಕಚೇರಿಗೆ ಹೋಗಿ ಹೆಸರು ಬರೆಸಬೇಕು. ಆಮೇಲೆ ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ ಖಾತೆ ನಿಮ್ಮದು. ಜಮೀನಿಗೆ ದುಡ್ಡಿಲ್ಲ ಎಂದರೂ ಎತ್ತು, ಬಾವಿ, ಬೀಜ, ಮನೆ ಎಲ್ಲಕ್ಕೂ ಖರ್ಚು ಇದ್ದೇ ಇತ್ತು, ಐದು ವರ್ಷ ತಾಳದೆ ಬಿಟ್ಟುಹೋದವರು ಬಹಳ ಜನ.

ಬೆಳಿಗ್ಗೆ ಗತ್ರಿ ಎಂಬ ಜಾಗದಲ್ಲಿ ರೈಲು ನಿಲ್ದಾಣ ಮತ್ತು ಜಮೀನು ಕಚೇರಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಸಂಜೆಗೆ ಸುಮಾರು 10,000 ಜನರ ಡೇರೆಗಳ ಊರು. ಇಂದಿನ ಒಕ್ಲಹೋಮ ಸಿಟಿ ಹುಟ್ಟಿದ್ದೂ ಅದೇ ಸಂಜೆ. ಒಂದು ಪಟ್ಟಣ 320 ಎಕರೆ ಮೀರಬಾರದು ಎಂಬ ನಿಯಮ ಇತ್ತು, ಅದಕ್ಕೆ ಗತ್ರಿಯವರು ಪಕ್ಕಪಕ್ಕದಲ್ಲೇ ನಾಲ್ಕು ಪಟ್ಟಣ ಮಾಡಿಕೊಂಡರು. ಇನ್ನೂ ವಿಚಿತ್ರ ಎಂದರೆ, ಜನರನ್ನು ಒಳಗೆ ಬಿಟ್ಟ ಕಾನೂನು ಅವರಿಗೆ ಸರ್ಕಾರ ಕೊಡುವುದನ್ನೇ ಮರೆತಿತ್ತು. 1890ರ ಮೇ ತನಕ, ಒಂದು ವರ್ಷಕ್ಕೂ ಜಾಸ್ತಿ ಕಾಲ, ಅವರೇ ಕೂಡಿ ಮೇಯರ್‌ಗಳನ್ನು ಆರಿಸಿಕೊಂಡು ಹೇಗೋ ನಡೆಸಿದರು.

ಮಧ್ಯಾಹ್ನಕ್ಕಿಂತ ಮುಂಚೆಯೇ ಕದ್ದು ಒಳಗೆ ಹೋಗಿ ಪೊದೆಗಳಲ್ಲಿ ಅಡಗಿ ಕೂತು, 12 ಹೊಡೆದ ತಕ್ಷಣ ಒಳ್ಳೆಯ ಜಾಗದಲ್ಲಿ ಗೂಟ ನೆಟ್ಟವರೂ ಇದ್ದರು. ಅವರಿಗೆ ‘ಸೂನರ್’ ಎಂಬ ಹೆಸರು ಬಿತ್ತು, ಬೇಗ ಬಂದವರು ಎಂಬ ಅರ್ಥದಲ್ಲಿ. ಅವರ ಮೇಲೆ ವರ್ಷಗಟ್ಟಲೆ ಕೇಸು ನಡೆದವು. ಆಗ ಬೈಗುಳವಾಗಿದ್ದ ಆ ಪದವೇ ಈಗ ರಾಜ್ಯದ ಅಡ್ಡಹೆಸರು, ಅಲ್ಲಿನ ವಿಶ್ವವಿದ್ಯಾಲಯದ ಆಟದ ತಂಡಗಳ ಹೆಸರೂ ಅದೇ.

ಕಪ್ಪು ಜನರೂ ಇಲ್ಲಿಗೆ ದೊಡ್ಡ ಆಸೆ ಇಟ್ಟುಕೊಂಡು ಬಂದರು. ದಕ್ಷಿಣದ ಹಿಂಸೆಯಿಂದ ತಪ್ಪಿಸಿಕೊಂಡು ತಮ್ಮದೇ ಊರು ಕಟ್ಟಬೇಕು ಎನ್ನುವುದು ಅವರ ಕನಸು. ಎಡ್ವರ್ಡ್ ಮೆಕೇಬ್ 1890ರಲ್ಲಿ ಲ್ಯಾಂಗ್‌ಸ್ಟನ್ ಸ್ಥಾಪಿಸಿದರು. ಬೋಲಿಯಂಥ ಊರುಗಳು ಆಮೇಲೆ ಬೆಳೆದವು. ಕಪ್ಪು ಜನರೇ ಕಟ್ಟಿ ನಡೆಸಿದ ಇಂಥ ಊರುಗಳು ಒಟ್ಟು 50ಕ್ಕೂ ಹೆಚ್ಚು.

ಬಾಣಲೆಯ ಹಿಡಿ ಎಲ್ಲಿಂದ ಬಂತು? ಅದಕ್ಕೂ ಗುಲಾಮಗಿರಿಯೇ ಕಾರಣ. ಅಕ್ಷಾಂಶ 36 ಡಿಗ್ರಿ 30 ನಿಮಿಷದ ಉತ್ತರಕ್ಕೆ ಗುಲಾಮಗಿರಿ ಇರಬಾರದು ಎಂದು 1820ರಲ್ಲಿ ಒಂದು ಗೆರೆ ಎಳೆದಿದ್ದರು. ಟೆಕ್ಸಾಸ್ ತನ್ನ ಗುಲಾಮರನ್ನು ಉಳಿಸಿಕೊಳ್ಳಲು 1850ರಲ್ಲಿ ಆ ಗೆರೆಯ ಮೇಲಿನ ಜಾಗ ಬಿಟ್ಟುಕೊಟ್ಟಿತು. ಆಮೇಲೆ ಕಾನ್ಸಾಸ್‌ನ ಗಡಿಯನ್ನು 37ನೇ ಡಿಗ್ರಿಗೆ ಇಟ್ಟರು. ನಡುವೆ ಉಳಿದ ಸುಮಾರು 34 ಮೈಲಿ ಅಗಲದ ಪಟ್ಟಿ ಯಾರಿಗೂ ಸೇರದೆ, 1890ರವರೆಗೆ ಯಾವ ಕಾನೂನೂ ಇಲ್ಲದೆ ಉಳಿಯಿತು. ಜನ ಅದನ್ನು ‘ಯಾರದೂ ಅಲ್ಲದ ನೆಲ’ ಎಂದೇ ಕರೆದರು.

1893ರ ಸೆಪ್ಟೆಂಬರ್ 16ರಂದು ಚೆರೋಕಿ ಔಟ್‌ಲೆಟ್ ಎಂಬ ಸುಮಾರು 60 ಲಕ್ಷ ಎಕರೆಗೆ ಇನ್ನೂ ದೊಡ್ಡ ಓಟ ನಡೆಯಿತು, ಅವತ್ತು ಓಡಿದವರು ಒಂದು ಲಕ್ಷಕ್ಕೂ ಹೆಚ್ಚು. ಜಗಳ ಸಾವು ನೋವು ಹೆಚ್ಚಾಗಿ 1901ರಲ್ಲಿ ಓಟ ಬಿಟ್ಟು ಲಾಟರಿ ಎತ್ತಿದರು. ಇಷ್ಟೆಲ್ಲ ಆಗಿದ್ದು ಪಶ್ಚಿಮದ ಅರ್ಧದಲ್ಲಿ. ಪೂರ್ವದ ಅರ್ಧ, ಎರಡು ಕೋಟಿ ಎಕರೆಗೆ ಹತ್ತಿರದ ನೆಲ, ಇನ್ನೂ ಐದು ರಾಷ್ಟ್ರಗಳ ಕೈಯಲ್ಲೇ ಇತ್ತು.

ಅದನ್ನು ತೆಗೆದುಕೊಂಡ ರೀತಿ ಬೇರೆ. ನನಗೆ ಇಡೀ ಕಥೆಯಲ್ಲಿ ಅತಿ ಮುಖ್ಯ ಅನ್ನಿಸುವುದು ಇದೇ. ಅಲ್ಲಿ ಜಮೀನು ಯಾರೊಬ್ಬರ ಹೆಸರಿನಲ್ಲೂ ಇರಲಿಲ್ಲ, ಇಡೀ ರಾಷ್ಟ್ರದ ಹೆಸರಿನಲ್ಲಿತ್ತು. ಬೇಕಾದಷ್ಟು ಉತ್ತು ಬೆಳೆಯಬಹುದು, ಕಟ್ಟಿದ ಮನೆ ನಿಮ್ಮದು, ಆದರೆ ನೆಲ ಮಾರುವಂತಿಲ್ಲ. ಮಾರಲಾಗದ ನೆಲವನ್ನು ಹೊರಗಿನವರು ಕೊಳ್ಳಲಾರರು. ಹಾಗಾಗಿ ಮೊದಲು ಒಟ್ಟು ಆಸ್ತಿಯನ್ನು ಒಡೆಯಬೇಕಿತ್ತು. 1887ರ ಡಾಸ್ ಕಾಯ್ದೆ ಬೇರೆ ಬುಡಕಟ್ಟುಗಳಿಗೆ ಹಿಸ್ಸೆ ಮಾಡುವ ಪದ್ಧತಿ ತಂದಿತು. ಐದು ರಾಷ್ಟ್ರಗಳು ಒಪ್ಪದೆ ಇದ್ದಾಗ 1898ರ ಕರ್ಟಿಸ್ ಕಾಯ್ದೆ ಅವರ ನ್ಯಾಯಾಲಯಗಳನ್ನೇ ರದ್ದು ಮಾಡಿ ಬಲವಂತವಾಗಿ ಪಾಲು ಮಾಡಿಸಿತು. ಒಂದು ಲಕ್ಷಕ್ಕೂ ಹೆಚ್ಚು ಜನರ ಹೆಸರಿನ ಪಟ್ಟಿ ತಯಾರಾಯಿತು. ರಕ್ತದಲ್ಲಿ ಎಷ್ಟು ಭಾಗ ಮೂಲನಿವಾಸಿ ಎಂದು ಅರ್ಧ, ಕಾಲು ಅಂತ ಬರೆದುಕೊಂಡರು. ಪ್ರತಿಯೊಬ್ಬರಿಗೂ ಒಂದು ತುಂಡು ಜಮೀನು, ಪ್ರತಿಯೊಬ್ಬರಿಗೂ ಒಂದು ಕಾಗದ.

ಕಾಗದ ಒಬ್ಬೊಬ್ಬರ ಕೈಗೆ ಬಂದ ಮೇಲೆ ಅದನ್ನು ಕಿತ್ತುಕೊಳ್ಳುವುದು ಸುಲಭವಾಯಿತು. 1905ರಲ್ಲಿ ಟಲ್ಸಾ ಹತ್ತಿರ ಗ್ಲೆನ್ ಪೂಲ್‌ನಲ್ಲಿ ಭಾರೀ ಎಣ್ಣೆ ಸಿಕ್ಕಿತು. ಪಾಲು ಪಡೆದ ಮಕ್ಕಳಿಗೆ ಕೋರ್ಟುಗಳು ಪಾಲಕರನ್ನು ನೇಮಿಸಿದವು, ಆ ಪಾಲಕರಲ್ಲಿ ಎಷ್ಟೋ ಜನ ಮಕ್ಕಳ ಆಸ್ತಿಯನ್ನೇ ತಿಂದರು. 1908ರ ಕಾನೂನು ಮಾರಾಟದ ಮೇಲಿನ ನಿರ್ಬಂಧವನ್ನು ಬಹಳ ಜನರಿಗೆ ತೆಗೆದುಹಾಕಿತು. ಓದಲು ಬಾರದ ಭಾಷೆಯ ಕರಾರಿಗೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರ ಮಾತು ನಮ್ಮ ಹಳ್ಳಿಗಳಲ್ಲೂ ಕೇಳಿಬರುತ್ತದಲ್ಲ, ಇದು ಅದೇ ನೋವು. ಮಸ್ಕೋಗಿಗಳ ಚಿಟ್ಟೋ ಹಾರ್ಜೋ ಎಂಬ ಮುಖಂಡರು ಪಾಲು ತೆಗೆದುಕೊಳ್ಳಲು ಒಪ್ಪಲಿಲ್ಲ. 1906ರಲ್ಲಿ ಸೆನೆಟ್ ಸಮಿತಿ ಟಲ್ಸಾಕ್ಕೆ ಬಂದಾಗ ಅದರ ಮುಂದೆ ನಿಂತು, ಹಳೆಯ ಒಪ್ಪಂದದ ಮಾತನ್ನು ಉಳಿಸಿಕೊಳ್ಳಿ ಎಂದು ಕೇಳಿದರು.

ರಾಜ್ಯ ಆಗುವುದು ತಪ್ಪುವುದಿಲ್ಲ ಎಂದಾದರೆ ನಮ್ಮದೇ ರಾಜ್ಯ ಮಾಡಿಕೊಳ್ಳುತ್ತೇವೆ ಎಂಬ ಯತ್ನವೂ ನಡೆಯಿತು. 1905ರಲ್ಲಿ ಮಸ್ಕೋಗಿ ಪಟ್ಟಣದಲ್ಲಿ ಸೇರಿ ಸಂವಿಧಾನ ಬರೆದು, ಸಿಕ್ವೋಯಾ ಎಂದು ಹೆಸರಿಟ್ಟರು. ಹೌದು, ಆ ಲಿಪಿ ಕಟ್ಟಿದವರ ಹೆಸರೇ. ಮತದಾನದಲ್ಲಿ ದೊಡ್ಡ ಬಹುಮತ ಬಂತು. ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಪೂರ್ವ ಪಶ್ಚಿಮ ಎರಡನ್ನೂ ಸೇರಿಸಿ 1907ರ ನವೆಂಬರ್ 16ರಂದು ಒಕ್ಲಹೋಮವನ್ನು 46ನೇ ರಾಜ್ಯ ಮಾಡಿದರು. ಗತ್ರಿಯಲ್ಲಿ ಅವತ್ತು ಒಂದು ಸಾಂಕೇತಿಕ ಮದುವೆ ಮಾಡಿದರು, ಪಶ್ಚಿಮದ ಅರ್ಧವಾದ ಒಕ್ಲಹೋಮ ಟೆರಿಟರಿ ವರ, ಪೂರ್ವದ ಇಂಡಿಯನ್ ಟೆರಿಟರಿ ವಧು. ಜನಸಂಖ್ಯೆ ಆಗಲೇ 14 ಲಕ್ಷ ದಾಟಿತ್ತು, ಇಂಡಿಯನ್ ಟೆರಿಟರಿಯಲ್ಲೇ ಮೂಲನಿವಾಸಿಗಳು ಹತ್ತರಲ್ಲಿ ಒಬ್ಬರಷ್ಟೂ ಉಳಿದಿರಲಿಲ್ಲ. ಹೊಸ ಶಾಸನಸಭೆ ಮಾಡಿದ ಮೊದಲ ಕಾನೂನು, ಕಪ್ಪು ಜನರಿಗೆ ರೈಲಿನಲ್ಲಿ ಬೇರೆ ಡಬ್ಬಿ. ಆಸೆ ಹೊತ್ತು ಬಂದು ಲ್ಯಾಂಗ್‌ಸ್ಟನ್, ಬೋಲಿ ಕಟ್ಟಿದವರಿಗೆ ಅದು ಹೇಗಾಗಿರಬೇಕು!

ಆ ಹಳೆಯ ಕಾಗದದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಒಂದು ಕ್ರಿಮಿನಲ್ ಪ್ರಕರಣದಲ್ಲಿ, ಅಪರಾಧ ನಡೆದ ಜಾಗ ಯಾರ ವ್ಯಾಪ್ತಿಗೆ ಸೇರುತ್ತದೆ ಎಂಬ ಪ್ರಶ್ನೆ ಎದ್ದು ಸುಪ್ರೀಂ ಕೋರ್ಟ್ ತನಕ ಹೋಯಿತು. ಜಮೀನು ಪಾಲಾಯಿತು, ಮಾರಾಟವಾಯಿತು, ರಾಜ್ಯವೂ ಬಂತು. ಆದರೆ ಮಸ್ಕೋಗಿ ರಾಷ್ಟ್ರಕ್ಕೆಂದು ಒಪ್ಪಂದದಲ್ಲಿ ಗುರುತಿಸಿದ ಪ್ರದೇಶವನ್ನು ರದ್ದು ಮಾಡಿದ್ದೇವೆ ಎಂದು ಕಾಂಗ್ರೆಸ್ ಯಾವತ್ತೂ ಸ್ಪಷ್ಟವಾಗಿ ಬರೆದಿಲ್ಲ. 2020ರ ಜುಲೈ 9ರಂದು ಕೋರ್ಟ್ 5–4 ಮತಗಳಿಂದ ಹೀಗೇ ಹೇಳಿತು: ಬರೆದದ್ದನ್ನು ಅಳಿಸಿಲ್ಲ, ಹಾಗಾಗಿ ಅಪರಾಧ ಕಾನೂನಿನ ಮಟ್ಟಿಗೆ ಆ ಪ್ರದೇಶ ಇಂದಿಗೂ ಮಸ್ಕೋಗಿಗಳ ಮೀಸಲು ನೆಲವೇ. ಆಮೇಲೆ ಕೆಳಗಿನ ಕೋರ್ಟುಗಳು ಅದನ್ನೇ ಉಳಿದ ನಾಲ್ಕು ರಾಷ್ಟ್ರಗಳಿಗೂ ಅನ್ವಯಿಸಿದವು. ಯಾರ ಮನೆ, ಹೊಲವೂ ಇದರಿಂದ ಕೈ ಬದಲಾಗಲಿಲ್ಲ. ಯಾವ ಅಪರಾಧವನ್ನು ಯಾರು ವಿಚಾರಿಸಬೇಕು ಎಂಬುದರ ಬಗ್ಗೆ ರಾಜ್ಯಕ್ಕೂ ಈ ರಾಷ್ಟ್ರಗಳಿಗೂ ಜಗ್ಗಾಟ ಮುಂದುವರಿದಿದೆ. ಟಾಲಿಕ್ವಾದ ಬೀದಿಗಳಲ್ಲಿ ಹೋದರೆ ಇವತ್ತೂ ನಾಮಫಲಕಗಳ ಮೇಲೆ ಇಂಗ್ಲಿಷಿನ ಜೊತೆಗೆ ಸಿಕ್ವೋಯಾ ಕಟ್ಟಿದ ಅಕ್ಷರಗಳು ಕಾಣುತ್ತವೆ.